ಮುಂದಿನ ಸೀಟಿನ ಮುದುಕಿ

ಬೇಕರಿಯಕ್ಕನ ಬನ್ನು ಒಮ್ಮೆ ತಿಂದವರು ಆಮೇಲೆ ಇನ್ನೊಂದು ಬೇಕರಿಯ ದಿಕ್ಕಿಗೆ ತಲೆ ಹಾಕಿಯೂ ಮಲಗುವುದಿಲ್ಲ. ಅವಳ ಬ್ರೆಡ್ಡು ಒಲೆಯಿಂದ ಹೊರಬಿದ್ದ ಗಳಿಗೆಯಲ್ಲಿ, ಬೀದಿಯ ಕೊನೆಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿ, ಹಲ್ಲು ಅರ್ಧ ಕಿತ್ತಿದ್ದಂತೆಯೇ ಎದ್ದು ಬಂದು ಸಾಲಿನಲ್ಲಿ ನಿಂತದ್ದುಂಟು. ಡಾಕ್ಟರು ಇಕ್ಕಳ ಹಿಡಿದುಕೊಂಡು ಅವನ ಹಿಂದೆ ನಿಂತಿದ್ದರು, ಅದು ಬೇರೆ ವಿಷಯ. ಎಲ್ಲ ಅಕ್ಕನ ಕೈಗುಣ ಎಂದು ಜನ ಹೇಳುತ್ತಾರೆ, ಅಕ್ಕನೂ ಅಲ್ಲವೆನ್ನುವುದಿಲ್ಲ. ಆದರೆ ಮನೆಯವರಿಗೆ ಗೊತ್ತು, ಗುಟ್ಟಿರುವುದು ಅಡುಗೆಮನೆಯ ಮೂಲೆಯ ಸ್ಟೀಲ್ ಡಬ್ಬಿಯಲ್ಲಿ. ಅದರೊಳಗೆ ಹುಳಿಹಿಟ್ಟು. ಅಕ್ಕನ ಅಜ್ಜಿ ಯಾವ ಕಾಲದಲ್ಲೋ ಹಿಟ್ಟಿಗೆ ನೀರು ಕಲೆಸಿ ಹುಳಿ ಬರಿಸಿ ಶುರು ಮಾಡಿದ್ದು. ದಿನವೂ ಒಂದಷ್ಟು ತೆಗೆದು ಬ್ರೆಡ್ಡಿನ ಹಿಟ್ಟಿಗೆ ಬೆರೆಸಬೇಕು, ತೆಗೆದಷ್ಟೇ ಹೊಸ ಹಿಟ್ಟನ್ನು ಅದಕ್ಕೆ ತಿನ್ನಿಸಬೇಕು. ಆಗ ಅದು ಉಸಿರಾಡುತ್ತ, ಗುಳ್ಳೆ ಬಿಡುತ್ತ, ಮತ್ತೆ ಡಬ್ಬಿ ತುಂಬುತ್ತದೆ. ಮನೆಯಲ್ಲಿ ಅದಕ್ಕೆ ಮುದುಕಿ ಎಂದೇ ಹೆಸರು. ಮುದುಕಿಗೆ ಚಳಿಯಾದರೆ ಮುನಿಸು, ಸೆಕೆಯಾದರೆ ರಂಪ. ಅಕ್ಕ ಸ್ವಂತ ಮಗಳ ಜ್ವರಕ್ಕೂ ಅಷ್ಟು ಸಲ ಕೈಯಿಟ್ಟು ನೋಡಿದವಳಲ್ಲ.

ಇಂಥ ಮುದುಕಿಯನ್ನು ಆವತ್ತು ಬೆಳಿಗ್ಗೆ ಅಕ್ಕ ಎರಡು ಪಾಲು ಮಾಡಿದಳು. ಒಂದು ಪಾಲು ಮೂಲೆಯಲ್ಲೇ ಉಳಿಯಿತು. ಇನ್ನೊಂದನ್ನು ದೊಡ್ಡ ಡಬ್ಬಿಗೆ ಹಾಕಿ, ಹೊಟ್ಟೆ ತುಂಬ ತಿನ್ನಿಸಿ, ಮುಚ್ಚಳವನ್ನು ಸಡಿಲವಾಗಿ ಇಟ್ಟಳು. ಆಗ ಅವಳ ಮುಖ ನೋಡಿದವರು ಇಲ್ಲೇನೋ ಆಸ್ತಿ ಪಾಲಾಗುತ್ತಿದೆ ಎಂದುಕೊಳ್ಳಬೇಕಿತ್ತು. ಹೆಚ್ಚುಕಡಿಮೆ ವಿಷಯವೂ ಹಾಗೆಯೇ ಇತ್ತು.

ತಂಗಿ ಇದೇ ಬೇಕರಿಯಲ್ಲಿ ಹಿಟ್ಟಿನ ಡಬ್ಬದ ಮೇಲೆ ಹತ್ತಿ ನಿಂತು ಕೆಲಸ ಕಲಿತವಳು. ದೊಡ್ಡವಳಾಗಿ, ಮದುವೆಯಾಗಿ, ದೂರದ ಚಳಿಯ ಊರಿನಲ್ಲಿ ತಾನೂ ಒಂದು ಬೇಕರಿ ತೆರೆಯುತ್ತೇನೆಂದು ಹೊರಟಾಗ ಒಂದು ಹಿಡಿ ಮುದುಕಿಯನ್ನು ಕೇಳಿದಳು. ಅಕ್ಕ, ಮುದುಕಿ ಈ ಮನೆಯ ಹೊಸಿಲು ದಾಟುವುದಿಲ್ಲ ಎಂದಳು. ಹಾಗೆಂದದ್ದು ಯಾಕೆ ಎಂದು ಅಕ್ಕನಿಗೂ ಸರಿಯಾಗಿ ಗೊತ್ತಿಲ್ಲ. ಬಾಯಿಗೆ ಬಂತು, ಅಂದಳು, ಆಮೇಲೆ ನುಂಗಿಕೊಳ್ಳುವುದಕ್ಕೆ ಆಗಲಿಲ್ಲ. ತಂಗಿ, ಹಾಗಾದರೆ ನನ್ನ ಹುಳಿಯನ್ನು ನಾನೇ ಹುಟ್ಟಿಸಿಕೊಳ್ಳುತ್ತೇನೆ ಎಂದು ಹೋದಳು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ಅಕ್ಕನ ಗಂಡನ ಫೋನಿನಲ್ಲಿ ಮಾತ್ರ ಆ ಕಡೆಯ ಗಾಳಿ ಈ ಕಡೆ ಬೀಸುತ್ತಿತ್ತು.

ಹಿಂದಿನ ದಿನ ಆ ಫೋನಿಗೆ ತಂಗಿಯ ಕರೆ ಬಂದಿತ್ತು. ನಾಡಿದ್ದು ಬೇಕರಿಯ ಮೊದಲ ದಿನ, ಊರಿಗೆಲ್ಲ ಹೇಳಿಯಾಗಿದೆ, ಆದರೆ ಅವಳ ಹುಳಿ ಚಳಿಗೆ ಮಲಗಿದ್ದು ಏಳುತ್ತಲೇ ಇಲ್ಲ. ಬ್ರೆಡ್ಡು ಬೆಂದರೆ ಅದರಿಂದ ಗೋಡೆಗೆ ಮೊಳೆ ಹೊಡೆಯಬಹುದು. ಅಕ್ಕನಿಗೆ ಹೇಳಬೇಡಿ ಭಾವ, ಎಂದಿದ್ದಳಂತೆ. ಭಾವ ಫೋನಿಟ್ಟ ತಕ್ಷಣ ಅಕ್ಕನಿಗೆ ಹೇಳಿದರು. ಅತ್ತಳಾ, ಎಂದು ಅಕ್ಕ ಕೇಳಿದಳು. ಅಳಲಿಲ್ಲ, ಮೂಗು ಎಳೆದಳು, ಎಂದರು ಅವರು. ಅಕ್ಕ ಆ ರಾತ್ರಿ ಹಾಸಿಗೆಯಲ್ಲಿ ಹೊರಳಿದ ರಭಸಕ್ಕೆ ಮಂಚ ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಬಂದಿತ್ತು. ಬೆಳಗಾಗುವ ಹೊತ್ತಿಗೆ, ತಾನೇ ಹೋಗಿ ಕೊಟ್ಟು ಬರುವುದೆಂದು ತೀರ್ಮಾನವಾಯಿತು. ಸಂಜೆಯೊಳಗೆ ಮುದುಕಿ ಅಲ್ಲಿರಬೇಕು. ಸಂಜೆಗೆ ಹಿಟ್ಟು ಕಲೆಸಿದರೆ ಮಾತ್ರ ಬೆಳಿಗ್ಗೆ ಬ್ರೆಡ್ಡು. ತೀರ್ಮಾನದ ಜೊತೆಗೇ ಒಂದು ಭಯವೂ ಅಂಟಿಕೊಂಡು ಬಂತು. ದಾರಿಯಲ್ಲಿ ಮುದುಕಿಗೆ ಏನಾದರೂ ಆಗಿಬಿಟ್ಟರೆ?

"ಬೇಕೂಂತಲೇ ಸತ್ತಿದ್ದನ್ನ ತಂದುಕೊಟ್ಟಳು ಅಂತಾಳೆ ರೀ ಅವಳು," ಎಂದಳು ಅಕ್ಕ. "ಕೊಡದೇ ಇದ್ದಿದ್ದನ್ನ ಮರೀಬಹುದು. ಇದನ್ನ ಮರೆಯಲ್ಲ."

ಇನ್ನೊಂದು ತೊಡಕೆಂದರೆ ವ್ಯಾನು. ಅಕ್ಕನ ಹಳೆಯ ಡೆಲಿವರಿ ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ದೀಪಗಳೂ ಸತ್ತು ಒಂದೇ ಒಂದು ಕೆಂಪು ದೀಪ ಸದಾ ಉರಿಯುತ್ತಿತ್ತು. ಕಣ್ಣಿಗೆ ಚುಚ್ಚುತ್ತದೆಂದು ಅಕ್ಕ ಅದರ ಮೇಲೆ ತನ್ನ ಬೇಕರಿಯ ಚೀಟಿ ಅಂಟಿಸಿದ್ದಳು. ದೀಪ ಚೀಟಿಯ ಹಿಂದೆ ವರ್ಷಗಟ್ಟಲೆ ಕೂಗಿ ಕೂಗಿ, ಹೋದ ವಾರ ಎಂಜಿನ್ನೇ ಬಿಗಿದು ನಿಂತಿತು. ಮೆಕ್ಯಾನಿಕ್ ಚೀಟಿ ಕಿತ್ತು ತೋರಿಸಿ, "ಬಾಯಿ ಮುಚ್ಚಿಸಿದ್ರೆ ಕಾಯಿಲೆ ವಾಸಿ ಆಗುತ್ತಾ ಅಕ್ಕ?" ಎಂದಿದ್ದ. ಅಷ್ಟು ಜನರ ಮುಂದೆ ಅಂದದ್ದಕ್ಕೆ ಅಕ್ಕನಿಗೆ ತಲೆ ತಗ್ಗಿತ್ತು. ಇನ್ನು ಈ ಜನ್ಮದಲ್ಲಿ ಯಾವ ಗಾಡಿಯ ಯಾವ ದೀಪ ಹೊತ್ತಿದರೂ ನಿಂತು ವಿಚಾರಿಸದೆ ಮುಂದೆ ಹೋಗುವುದಿಲ್ಲ ಎಂದು ಅವಳು ಆವತ್ತೇ ಶಪಥ ಮಾಡಿದ್ದಳು. ಶಪಥ ಮಾಡಿದ ವಾರದಲ್ಲೇ ಕೈಗೆ ಸಿಕ್ಕಿದ್ದು ಅಳಿಯನ ಹೊಸ ಕಾರು.

ಅಳಿಯ ಆ ಕಾರನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅದರ ಡ್ಯಾಶ್‌ಬೋರ್ಡು ನೋಡಿದರೆ ವಿಮಾನ ಹಾರಿಸುವವರೂ ಒಮ್ಮೆ ಬೆವರು ಒರೆಸಿಕೊಳ್ಳಬೇಕು. ಸೀಟುಗಳು ಬೆಣ್ಣೆಯ ಬಣ್ಣ. ಎಡಗಡೆಗೊಂದು ಹವೆ, ಬಲಗಡೆಗೊಂದು ಹವೆ. ಗಂಡ ಹೆಂಡತಿ ಅಕ್ಕಪಕ್ಕ ಕೂತು ಬೇರೆ ಬೇರೆ ಋತುವಿನಲ್ಲಿ ಪ್ರಯಾಣ ಮಾಡಬಹುದು. ಅಳಿಯ ಬಾಗಿಲಲ್ಲಿ ನಿಂತು ಕೊಟ್ಟ ಪಾಠ ಪ್ರಯಾಣಕ್ಕಿಂತ ಉದ್ದವಾಗಿತ್ತು. ಇದು ಒತ್ತಿದರೆ ಇದು, ಅದು ಎಳೆದರೆ ಅದು. ಗೆರೆ ದಾಟಿದರೆ ಸ್ಟಿಯರಿಂಗ್ ನಡುಗುತ್ತದೆ, ಹೆದರಬೇಡಿ. ಗಾಜು ತಾನೇ ಒರೆಸಿಕೊಳ್ಳುತ್ತದೆ, ನಗಬೇಡಿ. ಕಾರು ಎಲ್ಲಿದೆ, ಹೇಗಿದೆ, ಯಾವ ಗುಂಡಿ ಒತ್ತಿದ್ದೀರಿ, ಎಲ್ಲವೂ ನನ್ನ ಫೋನಿನಲ್ಲಿ ಕಾಣುತ್ತಿರುತ್ತದೆ. ಅಕ್ಕ ಎಲ್ಲದಕ್ಕೂ, ಈ ಕಾರನ್ನು ತಾನೇ ತಟ್ಟಿ ಬೇಯಿಸಿ ಇಳಿಸಿದವಳ ಹಾಗೆ ತಲೆ ಆಡಿಸಿದಳು. ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

"ಅತ್ತೆ, ಸೀಟು ಮಾತ್ರ ಜೋಪಾನ. ಒಂದು ಹನಿ ಬಿದ್ರೂ ಹೋಗಲ್ಲ."

"ಹನಿ ಬೀಳೋಂಥದ್ದು ನಮ್ಮ ಹತ್ರ ಏನೂ ಇಲ್ಲ ಅಳಿಯಂದ್ರೇ," ಎಂದಳು ಅಕ್ಕ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಮುಂದಿನ ಸೀಟು ಮುದುಕಿಗೆ. ಕಣ್ಣೆದುರು ಇರದಿದ್ದರೆ ಅಕ್ಕನಿಗೆ ಕೈಕಾಲು ಆಡುವುದಿಲ್ಲ. ಹೀಗಾಗಿ ಯಜಮಾನರು ಹಿಂದಿನ ಸೀಟಿಗೆ ಸರಿದರು. ಅವರು ಜೀವಮಾನವೆಲ್ಲ ಅಚ್ಚಿನಮನೆಯಲ್ಲಿ ಕರಡು ತಿದ್ದಿದವರು. ಕೈಗೆ ಕಾಗದ ಸಿಕ್ಕರೆ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದದೆ ಕೆಳಗಿಡುವವರಲ್ಲ. ಮದುವೆಯಲ್ಲಿ ತಾಳಿ ಕಟ್ಟುವ ಮೊದಲು ಲಗ್ನಪತ್ರಿಕೆಯಲ್ಲಿ ಎರಡು ತಪ್ಪು ಹುಡುಕಿ ಮಾವನಿಗೆ ತೋರಿಸಿದ್ದರು ಎಂದು ಅಕ್ಕನ ತವರಿನಲ್ಲಿ ಇಂದಿಗೂ ಹೇಳಿಕೊಂಡು ನಗುತ್ತಾರೆ.

ಬೀದಿ ದಾಟುವ ಮೊದಲೇ ಕಾರು ಕೂಗತೊಡಗಿತು. ಟಿಣ್, ಟಿಣ್, ಟಿಣ್. ಎದುರಿನ ಪರದೆಯಲ್ಲಿ ಕೆಂಪಗೆ ಒಂದು ಮನುಷ್ಯನಾಕಾರ, ಅವನ ಎದೆಯ ಮೇಲೊಂದು ಅಡ್ಡಪಟ್ಟಿ. ಅಕ್ಕ ಎದೆ ಹಿಡಿದುಕೊಂಡಳು. ತನ್ನ ಬೆಲ್ಟು ಇದೆ, ಯಜಮಾನರ ಬೆಲ್ಟು ಇದೆ. ಗಾಡಿ ನಿಲ್ಲಿಸಿ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಹಾಕಿದಳು. ಡಿಕ್ಕಿ ನೋಡಿದಳು. ಚಕ್ರದ ಕೆಳಗೆ ಬೆಕ್ಕೇನಾದರೂ ಕೂತಿದೆಯೇ ಎಂದು ಬಗ್ಗಿ ನೋಡಿದಳು. ಮತ್ತೆ ಹತ್ತಿದರೆ ಮತ್ತೆ ಟಿಣ್ ಟಿಣ್. ಮೈಯೆಲ್ಲ ಇರುವೆ ಹರಿದಂತಾಯಿತು.

"ಎದುರಿನ ಪೆಟ್ಟಿಗೇಲಿ ಪುಸ್ತಕ ಇರುತ್ತೆ ಅಂದಿದ್ರಲ್ಲ ಅಳಿಯಂದ್ರು. ತಗೊಂಡು ನೋಡ್ರೀ," ಎಂದು ಅವಳು ಕೈಪಿಡಿಯನ್ನು ಹಿಂದಕ್ಕೆ ಕೊಟ್ಟಳು.

ಯಜಮಾನರು ಕನ್ನಡಕ ಏರಿಸಿ, ರಕ್ಷಾಪುಟ ಸವರಿ, ಮೊದಲ ಪುಟ ತೆರೆದರು. "ಈ ವಾಹನವನ್ನು ಆರಿಸಿಕೊಂಡಿದ್ದಕ್ಕೆ ಹೃತ್ಪೂರ್ವಕ ಅಭಿನಂದನೆಗಳು," ಎಂದು ಓದಿದರು. ಅಕ್ಕ ಅಭಿನಂದನೆ ಬೇಡ, ಟಿಣ್ ಟಿಣ್ ಎಲ್ಲಿದೆ ನೋಡಿ ಎಂದಳು. ಕೊನೆಯ ಪುಟಗಳಲ್ಲಿ ವಿಷಯಸೂಚಿ ಇರುತ್ತದೆ, ಅಲ್ಲಿಂದ ಹುಡುಕಿ ಎಂದಳು. ಮೊದಲಿನದ್ದು ಓದದೆ ಕೊನೆಯದ್ದು ಓದಿದರೆ ನಡುವೆ ತಪ್ಪು ಉಳಿದುಬಿಡುತ್ತದೆ ಎಂಬುದು ಅವರ ಉತ್ತರ. ಪುಣ್ಯಕ್ಕೆ ಬೆಲ್ಟಿನ ಅಧ್ಯಾಯ ಮೊದಲೇ ಇತ್ತು. ಸೀಟಿನ ಮೇಲೆ ಭಾರದ ವಸ್ತು ಇಟ್ಟರೆ ಕಾರು ಅದನ್ನು ಮನುಷ್ಯನೆಂದು ತಿಳಿದು ಬೆಲ್ಟು ಕೇಳುತ್ತದೆ ಎಂದು ಅದರಲ್ಲಿ ಬರೆದಿತ್ತು. ಅಕ್ಕ ಡಬ್ಬಿಗೆ ಬೆಲ್ಟು ಸುತ್ತಿ ಬಿಗಿದಳು. ಕೂಗು ನಿಂತಿತು. ಮುದುಕಿ ಪಟ್ಟಿ ಕಟ್ಟಿಕೊಂಡ ಸೇನಾಪತಿಯ ಹಾಗೆ ಕೂತಳು.

"ನೋಡಿದ್ರಾ, ಇದಕ್ಕೂ ಗೊತ್ತಾಯ್ತು ಇವಳು ಬರೀ ಹಿಟ್ಟಲ್ಲ ಅಂತ," ಎಂದು ಅಕ್ಕ ಬೀಗಿದಳು.

ಆ ಬಿಂಕ ಊರ ಗಡಿ ದಾಟುವವರೆಗೆ. ದಾರಿ ಬೆಟ್ಟದ ಕಡೆ ತಿರುಗಿದಂತೆ ಹೊರಗೆ ಚಳಿ ಏರಿತು. ಯಜಮಾನರಿಗೆ ಹಿಂದೆ ಕೂತಲ್ಲಿ ಹವೆಯ ಒಂದು ತಿರುಗಣೆ ಸಿಕ್ಕಿತು, ಅದನ್ನು ಬಿಸಿಯ ಕಡೆ ತಿರುಗಿಸಿ ಅವರು ಪುಸ್ತಕಕ್ಕೆ ಮರಳಿದರು. ಅಕ್ಕನ ಕಣ್ಣು ದಾರಿಯ ಮೇಲೆ ಒಂದು ಗಳಿಗೆ, ಡಬ್ಬಿಯ ಮೇಲೆ ಎರಡು ಗಳಿಗೆ. ಮುಚ್ಚಳ ಸ್ವಲ್ಪ ಎದ್ದಂತಿದೆಯಲ್ಲ? ಇಲ್ಲ, ಗುಂಡಿಗೆ ಬಿದ್ದು ಅಲುಗಿತು. ಮತ್ತೆ ನೋಡಿದಳು. ನೋಡಿದಾಗಲೆಲ್ಲ ಕಾರು ಒಂದಿಷ್ಟು ಪಕ್ಕಕ್ಕೆ ವಾಲಿ ಸ್ಟಿಯರಿಂಗ್ ಕೈಯೊಳಗೆ ಗುರುಗುಟ್ಟುತ್ತಿತ್ತು. ಕೊನೆಗೆ ಪರದೆಯ ಮೇಲೆ ಒಂದು ಕಾಫಿ ಬಟ್ಟಲಿನ ಚಿತ್ರ ಮೂಡಿ, ಚಾಲಕರು ದಣಿದಿದ್ದಾರೆ, ವಿಶ್ರಾಂತಿ ಪಡೆಯಿರಿ ಎಂಬ ಅಕ್ಷರಗಳು ಬಂದವು.

ಅಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ನಸುಕಿಗೆ ಎದ್ದು ಮೂಟೆಗಟ್ಟಲೆ ಹಿಟ್ಟು ನಾದಿ, ಆ ಕೈಯಲ್ಲೇ ಊರಿಗೆಲ್ಲ ಬ್ರೆಡ್ಡು ಹಂಚಿ, ಮಧ್ಯಾಹ್ನ ಕಣ್ಣು ಕೂಡ ಮಿಟುಕಿಸದ ಹೆಂಗಸು ಅವಳು. ಅವಳಿಗೆ ದಣಿವೆಂದು ಗಂಡನೇ ಹೇಳಿದ್ದಿಲ್ಲ, ಹೇಳುವ ಧೈರ್ಯವೂ ಅವರಿಗಿಲ್ಲ. ಆದರೂ ಶಪಥ ಶಪಥವೇ. ರಸ್ತೆಯ ಪಕ್ಕ ನಿಲ್ಲಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಆರುವಷ್ಟು ವ್ಯವಧಾನವಿಲ್ಲದೆ ನಾಲಗೆ ಸುಟ್ಟುಕೊಂಡು ಕುಡಿದು, "ವಿಶ್ರಾಂತಿ ಆಯ್ತಪ್ಪ, ಸಮಾಧಾನವಾ?" ಎಂದು ಪರದೆಗೆ ಹೇಳಿ ಹೊರಟಳು. ಯಜಮಾನರು ಆ ಹೊತ್ತಿಗೆ ಬೀಗದ ಕೈಗಳ ಅಧ್ಯಾಯದಲ್ಲಿದ್ದರು. ಒಂದು ಕಡೆ ಪೂರ್ಣವಿರಾಮ ಬಿಟ್ಟುಹೋಗಿದೆ ಎಂದು ಬೇಸರಪಟ್ಟುಕೊಂಡರು.

ಸ್ವಲ್ಪ ದೂರದಲ್ಲೇ ಮುಚ್ಚಳ ನಿಜವಾಗಿಯೂ ಎದ್ದಿತು. ಈಗ ಅನುಮಾನವಿಲ್ಲ. ಡಬ್ಬಿಯ ಅಂಚಿನಲ್ಲಿ ಬಿಳಿಯ ಗುಳ್ಳೆಗಳು ಇಣುಕಿ ನೋಡುತ್ತಿದ್ದವು. ಕಾರಿನೊಳಗಿನ ಬಿಸಿ ಮುದುಕಿಯ ತಲೆಗೇರಿದೆ. ಇಷ್ಟು ಬೇಗ ಉಕ್ಕಿ ಎಲ್ಲ ಶಕ್ತಿ ಚೆಲ್ಲಿಕೊಂಡುಬಿಟ್ಟರೆ, ತಲುಪುವ ಹೊತ್ತಿಗೆ ಉಳಿಯುವುದು ಹುಳಿ ನೀರು. ಅಕ್ಕ ತಣ್ಣಗಾಗಲೆಂದು ಆ ಬದಿಯ ಕಿಟಕಿಯನ್ನು ಬೆರಳಷ್ಟು ಇಳಿಸಿದಳು. ಯಜಮಾನರು ಸೀನಿದರು. ಸಾಲದು. ಒಳಗಿನ ಬಿಸಿ ಹೊರಹೋಗುವ ಕಿಂಡಿ ಎಲ್ಲಾದರೂ ಇರಲೇಬೇಕಲ್ಲ ಎಂದು ಡ್ಯಾಶ್‌ಬೋರ್ಡಿನ ಮೇಲೆ ಕಣ್ಣಾಡಿಸಿದಳು. ಆಗ ಕಂಡಿತು. ಒಂದು ಗುಂಡಿ, ಅದರ ಮೇಲೆ ಪುಟ್ಟ ಸೀಟು, ಸೀಟಿನಿಂದ ಮೇಲಕ್ಕೆ ಏಳುವ ಮೂರು ಡೊಂಕು ಗೆರೆಗಳು.

ಅಕ್ಕನಿಗೆ ಅದಕ್ಕೆ ಯಾವ ಪುಸ್ತಕವೂ ಬೇಕಿರಲಿಲ್ಲ. ಅವಳ ಬೇಕರಿಯ ಒಲೆಯ ಪಕ್ಕದ ಹಿಡಿಕೆಯ ಮೇಲೆ ಇಂಥದ್ದೇ ಮೂರು ಡೊಂಕು ಗೆರೆಗಳಿವೆ. ಅದನ್ನು ಎಳೆದರೆ ಮೇಲಿನ ಕಿಂಡಿ ತೆರೆದು ಹಬೆಯೆಲ್ಲ ಹೊರಗೆ ಹೋಗುತ್ತದೆ, ಒಲೆ ತಣಿಯುತ್ತದೆ. ಚಿಕ್ಕಂದಿನಿಂದ ಅವಳ ಕೈ ಅದನ್ನು ಎಳೆದಷ್ಟು ಸಲ ಬೇರೆ ಯಾವುದನ್ನೂ ಎಳೆದಿಲ್ಲ. ಗುಂಡಿ ಒತ್ತಿದಳು. ಅದರ ಕೆಳಗೆ ಮೂರು ಕೆಂಪು ಚುಕ್ಕೆಗಳು ಹೊತ್ತಿದವು. ಕಿಂಡಿ ಪೂರ್ತಿ ತೆರೆದಿದೆ ಎಂದುಕೊಂಡಳು.

"ಬಿಸಿ ಹೊರಗೆ ಬಿಟ್ಟಿದ್ದೀನಿ. ಇನ್ನು ಮಲಗ್ತಾಳೆ," ಎಂದಳು.

ಮಲಗಲಿಲ್ಲ. ಮುದುಕಿ ಮಂಡಿಯ ಮೇಲೆ ಎದ್ದು ಕೂತಳು. ಅಕ್ಕ ಮತ್ತೆ ಗುಂಡಿ ಒತ್ತಿದಳು, ಚುಕ್ಕೆ ಎರಡಾಯಿತು. ಅಯ್ಯೋ, ಕಿಂಡಿ ಮುಚ್ಚಿಕೊಳ್ಳುತ್ತಿದೆ ಎಂದು ಗಾಬರಿಯಾಗಿ ಒತ್ತಿ ಒತ್ತಿ ಮತ್ತೆ ಮೂರಕ್ಕೆ ತಂದು ನಿಲ್ಲಿಸಿದಳು. ಕಿಟಕಿಯಿಂದ ಚಳಿ ಕತ್ತಿಯಂತೆ ಬರುತ್ತಿದೆ, ಆದರೂ ಡಬ್ಬಿ ಕುದಿಯುವಂತೆ ಉಸಿರುಬಿಡುತ್ತಿದೆ. ಕೈ ಚಾಚಿ ಮುಚ್ಚಳ ಅದುಮಿದರೆ ಅಂಗೈಯನ್ನೇ ಮೇಲಕ್ಕೆ ತಳ್ಳಿತು. ಹುಳಿಯ ವಾಸನೆ ಕಾರೊಳಗೆಲ್ಲ ತುಂಬಿತು. ಎದುರಿನ ಪರದೆಯಲ್ಲಿ ಅದೇ ಹೊತ್ತಿಗೆ ಹಳದಿಯ ಇನ್ನೊಂದು ಚಿತ್ರ ಹೊತ್ತಿತು: ಅಗಲ ಹೊಟ್ಟೆಯ ಪಾತ್ರೆಯ ಹಾಗೆ ಒಂದು ಆಕಾರ, ತಳದಲ್ಲಿ ಹಲ್ಲು ಹಲ್ಲು, ನಡುವೆ ಒಂದು ಉದ್ಗಾರ ಚಿಹ್ನೆ.

"ನೋಡ್ರೀ, ಪಾತ್ರೆ ಉಕ್ತಾ ಇದೆ ಅಂತ ಇದೂ ಹೇಳ್ತಿದೆ. ನನಗೆ ಗೊತ್ತಿಲ್ವಾ. ಏನು ಮಾಡ್ಬೇಕು ಅಂತ ಹೇಳೋದು ಬಿಟ್ಟು," ಎಂದು ಅಕ್ಕ ಹಲ್ಲು ಕಡಿದಳು. ಕಾಲು ಕೀಲಿಯ ಗೊಂಬೆಯ ಕಾಲಿನಂತೆ ಸುಮ್ಮನಿರದೆ ತಾಳ ಹಾಕುತ್ತಿತ್ತು. ತಂಗಿಯ ಊರು ಎದುರಿನ ತಿರುವಿನಾಚೆ ಕಾಣುತ್ತಿತ್ತು. ಹೊಗೆಗೂಡು ಎಣಿಸುವಷ್ಟು ಹತ್ತಿರ. ಅಲ್ಲಿಯ ತನಕ ತಾಳಿಕೋ ತಾಯಿ ಎಂದು ಡಬ್ಬಿಗೆ ಬೇಡಿಕೊಂಡಳು. ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತಿತ್ತು. ಅದಕ್ಕೂ ಮುದುಕಿಯ ಚಿಂತೆಯೇ ಇರಬೇಕು ಎಂದುಕೊಂಡಳು.

ಯಜಮಾನರು ಆಗ ತಾನೇ ಹೊಸ ಅಧ್ಯಾಯಕ್ಕೆ ಬಂದಿದ್ದರು. "ಸುಖಾಸನ ಸೌಲಭ್ಯಗಳು," ಎಂದು ಶೀರ್ಷಿಕೆ ಓದಿ, ಗಂಟಲು ಸರಿಮಾಡಿಕೊಂಡು ಮುಂದುವರಿದರು. "ಮೂರು ಅಲೆಗಳ ಚಿಹ್ನೆಯುಳ್ಳ ಗುಂಡಿಯು ಸೀಟನ್ನು ಬಿಸಿ ಮಾಡುತ್ತದೆ. ಮೂರು ಚುಕ್ಕೆಗಳು ಅತ್ಯಧಿಕ ಬಿಸಿಯನ್ನು..."

ವಾಕ್ಯ ಮುಗಿಯಲಿಲ್ಲ. ಮುಚ್ಚಳ ಹಾರಿ ಕಾರಿನ ಚಾವಣಿಗೆ ಬಡಿದು ಯಜಮಾನರ ಮಡಿಲಿಗೆ ಬಿತ್ತು. ಮುದುಕಿ ಡಬ್ಬಿಯಿಂದ ಎದ್ದಳು. ಹೆಗಲ ಎತ್ತರಕ್ಕೆ ಬಂದು, ಸುತ್ತ ಒಮ್ಮೆ ನೋಡಿ, ನಾಲ್ಕೂ ಕಡೆಗೆ ಇಳಿದಳು. ಬೆಣ್ಣೆ ಬಣ್ಣದ ಸೀಟಿನ ಮೇಲೆ ಹರಡಿದಳು, ಬಕಲಿನೊಳಗೆ ನುಗ್ಗಿದಳು, ಗೇರಿನ ಬುಡಕ್ಕೆ ಕೈ ಹಾಕಿದಳು. ಒಂದಷ್ಟು ಹಿಟ್ಟು ಬೆಲ್ಟಿನ ಪಟ್ಟಿಯನ್ನು ಹಿಡಿದು ಕಿಟಕಿಯ ಕಡೆಗೆ ಬಳ್ಳಿಯ ಹಾಗೆ ಹಬ್ಬಿತು. ಅಕ್ಕ ಬ್ರೇಕು ಒತ್ತಿದಳು. ಕಾರು ಎಡಕ್ಕೆ ವಾಲಿ, ಕುಂಟುತ್ತ ರಸ್ತೆಯ ಅಂಚಿಗೆ ಬಂದು ನಿಂತಿತು.

ಕೈಗೆ ಮೊದಲು ಸಿಕ್ಕಿದ್ದು ಆ ಗುಂಡಿ. ಚುಕ್ಕೆಗಳನ್ನೆಲ್ಲ ಆರಿಸಿದಳು. ಸೀಟಿನ ಮೇಲೆ ಅಂಗೈ ಇಟ್ಟಳು. ಆಗ ತಾನೇ ಬ್ರೆಡ್ಡು ತೆಗೆದ ತಟ್ಟೆಯ ಬಿಸಿ. ಅವಳಿಗೆ ಎಲ್ಲ ಗೊತ್ತಾಯಿತು. ತಾನೇ ತನ್ನ ಕೈಯಿಂದ, ಶ್ರದ್ಧೆಯಿಂದ, ತಪ್ಪದೆ ಮೂರು ಚುಕ್ಕೆ ಇಟ್ಟು, ಮುದುಕಿಯನ್ನು ಒಲೆಯ ಮೇಲೆ ಕೂರಿಸಿಕೊಂಡು ಬಂದಿದ್ದಳು. ಹೊರಗಿಳಿದು ನೋಡಿದರೆ ಮುಂದಿನ ಎಡಗಡೆಯ ಟೈರು ನೆಲಕ್ಕೆ ಹಾಸಿಕೊಂಡಿತ್ತು. ಪಾತ್ರೆಯ ಚಿತ್ರ ಯಾವುದರದ್ದೆಂದು ಅದೂ ಈಗ ತಿಳಿಯಿತು.

ಯಜಮಾನರು ಒಂದು ಬೆರಳನ್ನು ಪುಸ್ತಕದ ಪುಟದಲ್ಲೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಫೋನು ಚಾಚಿದರು. ಪರದೆಯಲ್ಲಿ ತಂಗಿಯ ನಂಬರಿತ್ತು. ಅಕ್ಕ ಅದನ್ನು ಕಾದ ತಟ್ಟೆಯನ್ನು ಹಿಡಿದಂತೆ ಹಿಡಿದಳು. ಇಷ್ಟು ಕಾಲದ ಮೇಲೆ ಮೊದಲ ಮಾತು ಏನೆಂದು ಆಡಬೇಕು? ದಾರಿಯುದ್ದಕ್ಕೂ ಅವಳು ಗತ್ತಿನ ಒಂದು ಮಾತು ಜೋಡಿಸಿಟ್ಟುಕೊಂಡಿದ್ದಳು. ಬಾಗಿಲಲ್ಲಿ ಡಬ್ಬಿ ಇಟ್ಟು, ಇದೋ ನಿನ್ನ ಪಾಲು ಎಂದು ಹೇಳಿ, ಕೂರು ಎಂದರೂ ಕೂರದೆ ಬರುವುದೆಂದು. ಅದೆಲ್ಲ ಸೀಟಿನ ಮೇಲೆ ಹರಿದು ಹೋಗಿತ್ತು.

"ನಾನು," ಎಂದಳು.

"ಗೊತ್ತಾಯ್ತು," ಎಂದಿತು ಆ ಕಡೆ.

"ಮುದುಕೀನ ತರ್ತಾ ಇದ್ದೆ."

ಆ ಕಡೆ ಏನೋ ಪಾತ್ರೆ ಉರುಳಿಬಿದ್ದ ಸದ್ದಾಯಿತು. ಆಮೇಲೆ ತಂಗಿ, "ಎಲ್ಲಿದ್ದೀಯ?" ಎಂದಳು.

ಅವಳು ಮೂರು ಚಕ್ರದ ಸಾಮಾನು ಗಾಡಿಯಲ್ಲಿ ಬಂದಳು, ಮೊಣಕೈಯವರೆಗೆ ಹಿಟ್ಟು, ಕೈಯಲ್ಲಿ ಹಿಟ್ಟು ಕೆರೆಯುವ ಹಲಗೆ. ಭಾವನಿಗೆ ತಲೆ ಬಗ್ಗಿಸಿದಳು. ಅಕ್ಕನ ಕಡೆ ನೋಡಲಿಲ್ಲ. ಕಾರಿನ ಬಾಗಿಲು ತೆರೆದು ನೋಡಿ ಅಲ್ಲೇ ನಿಂತಳು. ಅಕ್ಕ ಹಿಂದಿನಿಂದ, ಬೇಕೂಂತ ಮಾಡಿದ್ದಲ್ಲ ಎಂದು ಹೇಳಲು ಬಾಯಿ ತೆರೆದಳು, ಆದರೆ ಹಾಗೆ ಹೇಳುವವರೆಲ್ಲ ಬೇಕೂಂತ ಮಾಡಿದವರ ಹಾಗೆಯೇ ಕೇಳಿಸುತ್ತಾರೆ ಎನ್ನಿಸಿ ಮುಚ್ಚಿಕೊಂಡಳು.

ತಂಗಿ ಫ್ಲಾಸ್ಕಿನ ಮುಚ್ಚಳ ಬೇಡಿ ತೆಗೆದುಕೊಂಡು ಅದರಲ್ಲಿ ತಣ್ಣೀರು ತುಂಬಿದಳು. ಅದು ಅಜ್ಜಿಯ ಪರೀಕ್ಷೆ. ಹುಳಿಗೆ ಜೀವವಿದ್ದರೆ ನೀರಿನಲ್ಲಿ ತೇಲುತ್ತದೆ, ಇಲ್ಲದಿದ್ದರೆ ಮುಳುಗುತ್ತದೆ. ಡಬ್ಬಿಯ ತಳದಿಂದ ಒಂದು ಚೂರು ಕೆರೆದು ಹಾಕಿದಳು. ಕಲ್ಲಿನಂತೆ ಮುಳುಗಿತು. ಸೀಟಿನ ಮೇಲಿನದ್ದನ್ನು ಹಾಕಿದಳು. ಅದೂ ಮುಳುಗಿತು. ಅಕ್ಕ ಕಾರಿನ ಬಾಗಿಲು ಹಿಡಿದುಕೊಂಡಳು.

"ಸೀಟು ಯಾಕೆ ಈ ಪಾಟಿ ಕಾದಿದೆ?" ಎಂದು ತಂಗಿ ಮೊದಲ ಸಲ ತಿರುಗಿ ಕೇಳಿದಳು. ದನಿಯಲ್ಲಿ ಅಕ್ಕ ಹೆದರಿದ್ದ ಆ ಮಾತು ಇನ್ನೂ ಹುಟ್ಟಿರಲಿಲ್ಲ, ಆದರೆ ಹುಟ್ಟುವ ಜಾಗ ಕಾಣುತ್ತಿತ್ತು.

ಅಕ್ಕ ಬಗ್ಗಿ ಆ ಗುಂಡಿಯನ್ನು ತೋರಿಸಿದಳು. "ಹಬೆ ಬಿಡೋದು ಅಂದ್ಕೊಂಡೆ ಕಣೇ."

ತಂಗಿ ಗುಂಡಿಯನ್ನು ನೋಡಿದಳು. ಮೂರು ಡೊಂಕು ಗೆರೆ. ನೋಡುತ್ತ ನೋಡುತ್ತ ಅವಳ ಬಲಗೈ ತಾನಾಗಿಯೇ ಹೆಗಲ ಮೇಲಕ್ಕೆ ಹೋಗಿ, ಗಾಳಿಯಲ್ಲಿ ಇಲ್ಲದ ಒಂದು ಹಿಡಿಕೆಯನ್ನು ಹಿಡಿದು ಕೆಳಕ್ಕೆ ಎಳೆಯಿತು. ಹಿಟ್ಟಿನ ಡಬ್ಬದ ಮೇಲೆ ಹತ್ತಿ ನಿಂತು ದಿನವೂ ಎಳೆದ ಹಿಡಿಕೆ. ಈ ಲೋಕದಲ್ಲಿ ಆ ಮೂರು ಗೆರೆಗಳನ್ನು ಕಂಡು ಬಿಸಿ ಹೊರಹೋಗುತ್ತದೆ ಎಂದುಕೊಳ್ಳುವ ಮನುಷ್ಯರು ಇಬ್ಬರೇ, ಇಬ್ಬರೂ ಈಗ ಈ ರಸ್ತೆಯ ಬದಿಯಲ್ಲಿದ್ದರು.

"ಎಷ್ಟು ಚುಕ್ಕೆ ಇಟ್ಟಿದ್ದೆ?"

"ಮೂರೂ."

ತಂಗಿಯ ಗಂಟಲಿನಿಂದ ಮೊದಲು ಬಂದ ಸದ್ದು ನಗುವೋ ಕೆಮ್ಮೋ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಬೆಟ್ಟದ ಆ ಪಕ್ಕದಲ್ಲಿ ಮೇಯುತ್ತಿದ್ದ ದನಗಳು ತಲೆ ಎತ್ತಿ ನೋಡುವಂತೆ ನಕ್ಕಳು. "ನಾನಾಗಿದ್ರೂ ಮೂರೇ ಇಡ್ತಿದ್ದೆ," ಎಂದು ಕಣ್ಣು ಒರೆಸಿಕೊಂಡಳು, ಮುಖವೆಲ್ಲ ಹಿಟ್ಟಾಯಿತು. ಅಕ್ಕ ನಗಲಿಲ್ಲ. ಅವಳ ಕಣ್ಣು ಬೆಲ್ಟಿನ ಮೇಲಿತ್ತು. ಕಿಟಕಿಯ ಸಂದಿಯಿಂದ ಬರುವ ಚಳಿಗೆ ಎದುರಾಗಿ ಹಬ್ಬಿಕೊಂಡಿದ್ದ ಹಿಟ್ಟು ಅಲ್ಲಿ ಇನ್ನೂ ಉಬ್ಬಿಕೊಂಡೇ ಇತ್ತು. ತಂಗಿಯ ಕೈಯಿಂದ ಹಲಗೆ ಕಿತ್ತುಕೊಂಡು ಅದನ್ನು ಕೆರೆದಳು. ನೀರಿಗೆ ಬಿಟ್ಟಳು. ಅದು ಒಮ್ಮೆ ಒಳಗೆ ಹೋಯಿತು. ಯಜಮಾನರು ಕೂಡ ಪುಸ್ತಕದಿಂದ ತಲೆ ಎತ್ತಿದರು. ಆಮೇಲೆ ಪುಟ್ಟ ಬಾತುಕೋಳಿಯ ಹಾಗೆ ಮೇಲೆ ಬಂದು, ಫ್ಲಾಸ್ಕಿನ ಮುಚ್ಚಳದಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿತು.

ಇಬ್ಬರೂ ಬೆಲ್ಟಿಗೆ ಮುಗಿಬಿದ್ದರು. ಕೆರೆದದ್ದೆಲ್ಲ ಒಂದು ಹಿಡಿಯಾಯಿತು. ತಂಗಿ ಮೊದಲು ಕೇಳಿದ್ದೂ ಒಂದು ಹಿಡಿಯನ್ನೇ. ತಂಗಿ ಗಾಡಿಯಿಂದ ಚೊಕ್ಕ ಡಬ್ಬಿ ತಂದು, ಹೊಸ ಹಿಟ್ಟು ನೀರು ತಿನ್ನಿಸಿ ಮುಚ್ಚಿದಳು.

ಟೈರಿನ ಅಧ್ಯಾಯ ಕೈಪಿಡಿಯಲ್ಲಿ ಕೊನೆಗಿತ್ತು. ಯಜಮಾನರು ನಡುವಿನ ಪುಟಗಳನ್ನು ಬಿಟ್ಟು ನೇರವಾಗಿ ಅಲ್ಲಿಗೆ ಹಾರಿದರು. ಮದುವೆಯಾದಾಗಿನಿಂದ ಅವರು ಹೆಂಡತಿಗಾಗಿ ಮಾಡಿದ ಅತಿ ದೊಡ್ಡ ತ್ಯಾಗ ಅದೇ ಇರಬೇಕು. ಅವರು ಓದಿದಂತೆ ಅಕ್ಕ ಜಾಕು ತಿರುಗಿಸಿದಳು, ತಂಗಿ ಬೋಲ್ಟು ಬಿಚ್ಚಿದಳು. ಹಿಟ್ಟು ನಾದುವ ಇಬ್ಬರ ತೋಳಿಗೆ ಆ ಚಕ್ರ ಬನ್ನಿನಷ್ಟೂ ಭಾರವಾಗಲಿಲ್ಲ.

ಎಲ್ಲ ಮುಗ್ಗರಿಸದೆ ಮುಗಿಯಿತು ಎನ್ನುವಾಗ ಕಾರೇ ರಿಂಗಾಯಿತು. ಪರದೆಯ ತುಂಬ ಅಳಿಯನ ಹೆಸರು, ಮುಖ. ಅಕ್ಕ ಗುಂಡಿಗಳಿಗೆ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡಳು; ತಂಗಿ ಒತ್ತಿದಳು. ಅಳಿಯನ ದನಿ ಕಾರಿನ ಎಲ್ಲ ಬಾಗಿಲುಗಳಿಂದ ಬಂತು. ಟೈರಿನ ದೀಪ ಬಂದಿತ್ತು, ನಿಂತುಬಿಟ್ಟಿದ್ದೀರಿ, ಏನಾಯಿತು ಎಂದು ಕೇಳಿದ. ಟೈರು ಬದಲಾಯಿಸಿಯಾಯಿತು ಎಂದು ಅಕ್ಕ ಹೇಳಿದಳು. ಅವನು ಸಮಾಧಾನದ ಉಸಿರು ಬಿಟ್ಟ. ಆಮೇಲೆ ಇನ್ನೊಂದು ಕೇಳಿದ.

"ಮುಂದಿನ ಸೀಟಲ್ಲಿ ಯಾರೋ ಬೆಲ್ಟು ಹಾಕ್ಕೊಂಡು ಕೂತಿದ್ರು ಅಂತ ತೋರಿಸ್ತಿತ್ತು ಅತ್ತೆ. ಸೀಟು ಹೀಟರ್ ಬೇರೆ ಮೂರರಲ್ಲಿತ್ತು. ಮಾವ ಹಿಂದೆ ಕೂತಿದ್ರಲ್ಲ, ಮತ್ತೆ ಯಾರು?"

ಅಕ್ಕ ಬೆಣ್ಣೆ ಬಣ್ಣ ಇನ್ನೆಂದಿಗೂ ಬರಲಾರದ ಆ ಸೀಟನ್ನು ನೋಡಿದಳು. ತಂಗಿ ಆ ಕಡೆಯ ಬಾಗಿಲು ತೆರೆದು, ಸೀಟಿನ ಮೇಲೆ ಹಿಟ್ಟಿನ ಚೀಲ ಹಾಸಿ, ಹೊಸ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಂಟಂಟಾದ ಬೆಲ್ಟನ್ನು ಎಳೆದು ಬಕಲಿಗೆ ಸಿಕ್ಕಿಸಿದಳು.

"ನಾನಪ್ಪಾ, ನಿಮ್ಮ ಚಿಕ್ಕತ್ತೆ," ಎಂದಳು. "ದಾರೀಲಿ ಹತ್ತಿಸ್ಕೊಂಡ್ರು. ನನಗೆ ಚಳಿ ಜಾಸ್ತಿ."

"ಸೀಟು ಚೆನ್ನಾಗಿದ್ಯಾ ಚಿಕ್ಕತ್ತೆ?"

"ಬಹಳ ಮೆತ್ತಗಿದೆ," ಎಂದಳು ತಂಗಿ.

ಕರೆ ಮುಗಿಯಿತು. ಸಾಮಾನು ಗಾಡಿಯನ್ನು ಅಲ್ಲೇ ಬಿಟ್ಟು ಹೊರಟರು. ತಂಗಿಯ ಗಂಡ ಬಂದು ಒಯ್ಯುತ್ತಾನೆ ಎಂದಾಯಿತು. ಟೈರು ಬದಲಾಯಿಸಿದ್ದರೂ ಪಾತ್ರೆಯ ದೀಪ ಇನ್ನೂ ಉರಿಯುತ್ತಿತ್ತು. ಅಕ್ಕನಿಗೆ ಅದನ್ನು ನೋಡಿ ಮತ್ತೆ ಕಾಲು ಕುಣಿಯತೊಡಗಿತು. ಹಿಂದಿನಿಂದ ಯಜಮಾನರು, ಸ್ವಲ್ಪ ದೂರ ಓಡಿದ ಮೇಲೆ ತಾನಾಗಿ ಆರುತ್ತದಂತೆ ಎಂದು ಓದಿದರು. ಅಕ್ಕ ನಂಬಲಿಲ್ಲ, ಆದರೂ ನಿಲ್ಲಿಸಲಿಲ್ಲ. ಊರಿನ ಮೊದಲ ಮನೆ ದಾಟುವಾಗ ತಂಗಿ ಕೈ ಚಾಚಿ ಆ ಮೂರು ಗೆರೆಯ ಗುಂಡಿಯನ್ನು ಒತ್ತಿದಳು.

"ಎಷ್ಟಿಟ್ಟೆ?" ಎಂದು ಅಕ್ಕ ದಾರಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಒಂದೇ ಚುಕ್ಕೆ," ಎಂದಳು ತಂಗಿ, ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು. "ಅವಳಿಗೂ ಚಳಿ."